ಕೌಟುಂಬಿಕ ದೌರ್ಜನ್ಯ: ಶಿಕ್ಷೆಯ ವಿರುದ್ಧ ಮೇಲ್ಮನವಿ
ಪತ್ನಿಯ ಮೇಲಿನ ಕ್ರೌರ್ಯಕ್ಕಾಗಿ ಶಿಕ್ಷೆಗೊಳಗಾದ ಗಂಡ ಅಥವಾ ಅವನ ಸಂಬಂಧಿಕರು ತೀರ್ಪನ್ನು ಪ್ರಶ್ನಿಸಿ ಮೇಲಿನ ನ್ಯಾಯಾಲಯಕ್ಕೆ ಸಲ್ಲಿಸುವ ಕ್ರಿಮಿನಲ್ ಅರ್ಜಿ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 498ಎ ಕಲಮಿನ ಸ್ಥಾನದಲ್ಲಿ 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಗರಿಷ್ಠ ಶಿಕ್ಷೆ 3 ವರ್ಷ ಸೆರೆವಾಸ, ಜೊತೆಗೆ ದಂಡ. ಬೆಂಗಳೂರಿನ ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಯಂಥ ಪೊಲೀಸ್ ಠಾಣೆಗಳ ಪ್ರಕರಣಗಳನ್ನು ಆಯಾ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ವಿಚಾರಿಸುತ್ತಾರೆ. ಮೇಲ್ಮನವಿ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ. ಸೆರೆವಾಸದ ಶಿಕ್ಷೆಯಾದಾಗ ತೀರ್ಪಿನ ಪ್ರತಿ ಅಪರಾಧಿಗೆ ಉಚಿತ. ಮೇಲ್ಮನವಿ ಮುಗಿಯುವವರೆಗೆ ಶಿಕ್ಷೆ ಅಮಾನತು ಕೋರಬಹುದು. ಅಪರಾಧಿಯದೇ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಮುಂದಿನ ಹಂತ, ಕರ್ನಾಟಕ ಹೈಕೋರ್ಟಿನಲ್ಲಿ ರಿವಿಷನ್ ಅರ್ಜಿ. ಆರೋಪಿ ಖುಲಾಸೆಯಾದರೆ ಸಂತ್ರಸ್ತೆಗೂ ಮೇಲ್ಮನವಿಯ ಹಕ್ಕಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ, ವಾಸ, ಜೀವನಾಂಶದ ಆದೇಶಗಳ ವಿರುದ್ಧ 29ನೇ ಕಲಮಿನಡಿ ಪ್ರತ್ಯೇಕ ಮೇಲ್ಮನವಿಯಿದೆ.