ಸಂಪಿಗೆ ರಸ್ತೆ: ಸರ್ಕಾರಿ ಶಿಶುಶಿಕ್ಷಣ ಮತ್ತು ಜೈನ ಮಕ್ಕಳು

ಮಲ್ಲೇಶ್ವರದ ಸಂಪಿಗೆ ರಸ್ತೆಯ ಆಸುಪಾಸಿನ ಜೈನ ಮನೆಗಳಲ್ಲಿ ಕನ್ನಡದ ಜೊತೆಗೆ ಮಾರ್ವಾಡಿ, ಗುಜರಾತಿಯೂ ಕೇಳಿಬರುತ್ತವೆ. ಸರ್ಕಾರಿ ಶಿಶುಶಿಕ್ಷಣವೆಂದರೆ ಮುಖ್ಯವಾಗಿ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಐಸಿಡಿಎಸ್ ಯೋಜನೆಯಡಿ 3ರಿಂದ 6 ವರ್ಷದ ಮಕ್ಕಳಿಗೆ ಇಲ್ಲಿ ಶುಲ್ಕವಿಲ್ಲ. ಆಯ್ದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಉಂಟು. ಅಂಗನವಾಡಿಯ ಆಹಾರದಲ್ಲಿ ಮೊಟ್ಟೆಯೂ ಸೇರಿದೆ. ಮಗು ತಿನ್ನುವುದಿಲ್ಲವೆಂದು ಸೇರಿಸುವ ದಿನವೇ ಕಾರ್ಯಕರ್ತೆಗೆ ಹೇಳುವುದು ಒಳ್ಳೆಯದು, ಸಂಕೋಚ ಬೇಡ.

2011ರ ಜನಗಣತಿಯಂತೆ ರಾಜ್ಯದ ಜೈನರು 4,40,280, ಅಂದರೆ ಶೇ. 0.72. ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ಸಿಕ್ಕಿದ್ದು 2014ರಲ್ಲಿ. ಶಾಲೆಗಳ ಯುಡೈಸ್ ನಮೂನೆಯಲ್ಲಿ ಜೈನರಿಗೆ ಪ್ರತ್ಯೇಕ ಗುರುತಿದೆ. ಅರ್ಜಿಯಲ್ಲಿ ಬರೀ ‘ಹಿಂದೂ’ ಎಂದು ಬರೆಸಿದರೆ ಮಗು ಈ ಲೆಕ್ಕಕ್ಕೆ ಬರುವುದೇ ಇಲ್ಲ; ಮುಂದೆ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ದಾಖಲೆ ತಿದ್ದಿಸಲು ಅಲೆಯಬೇಕಾದೀತು.