ನಾಮದ ಚಿಲುಮೆಯ ಡೇರೆ

ನಮ್ಮ ಪಟ್ಟನಾಯಕನಹಳ್ಳಿಯ ಮಕ್ಕಳಿಗೆ ಬೆಟ್ಟದಿಂದ ಇಳಿದು ಬರುವ ನೀರನ್ನು ತೋರಿಸಬೇಕಾದರೆ ಬಸ್ಸು ಹತ್ತಿಸಬೇಕು. 2011ರ ದಸರಾ ರಜೆಯಲ್ಲಿ ಗೈಡ್ಸ್ ದಳದ ಹನ್ನೆರಡು ಹುಡುಗಿಯರೊಂದಿಗೆ ನಾನು ದೇವರಾಯನದುರ್ಗಕ್ಕೆ ಹೊರಟೆ. ಯಜಮಾನರು ತೀರಿಕೊಂಡು ಆಗ ಏಳು ತಿಂಗಳು. "ವರ್ಷ ತುಂಬೋ ಮುಂಚೆ ಕಾಡಿನಾಗೆ ಹೋಗಿ ಮಲಗೋದೇನಮ್ಮಾ?" ಎಂದು ನಮ್ಮ ಅತ್ತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ, ಅಷ್ಟೆ.

ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಈ ಬೆಟ್ಟಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆಯನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ತಪ್ಪಲಿನ ಕಾಡಿನಲ್ಲಿ ನಾಮದ ಚಿಲುಮೆ ಇದೆ. ನಾಮ ಇಟ್ಟುಕೊಳ್ಳಲು ನೀರಿಲ್ಲದಾಗ ರಾಮನು ಬಾಣ ಬಿಟ್ಟು ಬಂಡೆಯಿಂದ ನೀರು ತರಿಸಿದನೆಂಬುದು ಸ್ಥಳದ ಕಥೆ. ಅದರ ಎದುರಿಗೇ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಶಿಬಿರವಿದ್ದ ಜಾಗವೆಂದು ಒಂದಿಷ್ಟು ಪಾಳು ಅವಶೇಷ ತೋರಿಸುತ್ತಾರೆ.

ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದು 1939–40ರಲ್ಲಿ. ಆ ಕಾಲದ ಸಮೀಕ್ಷೆಯೆಂದರೆ ಇಂದಿನಂತೆ ದುರ್ಬೀನು ಹಿಡಿದು ನೋಡಿ ಬರುವುದಷ್ಟೇ ಅಲ್ಲ. ಕೋವಿಯಿಂದ ಹಕ್ಕಿ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಊರು, ತಾರೀಖು ಬರೆದ ಚೀಟಿ ಕಟ್ಟಬೇಕು. ಹಗಲೆಲ್ಲ ಅಲೆದವರು ರಾತ್ರಿ ಲಾಂದ್ರದ ಬೆಳಕಿನಲ್ಲಿ ಟಿಪ್ಪಣಿ ಬರೆಯಬೇಕು. ಆ ಕೆಲಸದ ಫಲವಾಗಿ 'ದಿ ಬರ್ಡ್ಸ್ ಆಫ್ ಮೈಸೂರ್' ಎಂಬ ಲೇಖನಮಾಲೆ 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಇಷ್ಟನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ತಟ್ಟಿದ್ದು ಮಾತ್ರ ಆ ವರ್ಷವೇ. ಸಲೀಂ ಅಲಿಯವರ ಪತ್ನಿ ತೆಹ್ಮಿನಾ ತೀರಿಕೊಂಡದ್ದು 1939ರಲ್ಲಿ, ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ. ಹಿಂದಿನ ಸಮೀಕ್ಷೆಗಳಲ್ಲಿ ಆಕೆ ಡೇರೆಯಲ್ಲಿ ಜೊತೆಗಿದ್ದವರು. ಮೈಸೂರಿನ ಕಾಡುಗಳಿಗೆ ಅವರು ಬಂದದ್ದು ಆಕೆಯಿಲ್ಲದೆ.

ಅರಣ್ಯ ಇಲಾಖೆಯ ಅನುಮತಿ ಪಡೆದು ನಾವು ಹಳ್ಳದ ಹತ್ತಿರ ಬಿಡಾರ ಹೂಡಿದೆವು. ಒಣ ಮರಳು ಮೆತ್ತಗಿದೆಯೆಂದು ನಾನು ಅಲ್ಲೇ ಗೂಟ ಹೊಡೆಸಹೊರಟೆ. ಕುರಿ ಮಂದೆಯ ಹಿಂದೆ ಬೆಳೆದ ಹುಡುಗಿಯೊಬ್ಬಳು ತಡೆದಳು. "ಹಳ್ಳದೊಳಗೆ ಬ್ಯಾಡ ಮಿಸ್. ಮ್ಯಾಗಡೆ ಮಳೆ ಬಂದ್ರೆ ನೀರು ಹೇಳಿ ಬರಲ್ಲ." ದಿಬ್ಬದ ಮೇಲೆ, ಗಾಳಿಗೆ ಬೆನ್ನಾಗುವಂತೆ ಡೇರೆ ಕಟ್ಟಿಸಿದಳು. ಸುತ್ತ ಸಣ್ಣ ಕಾಲುವೆ ತೋಡಿಸಿದಳು. ಮೂರು ಕಲ್ಲಿನ ಒಲೆಯಲ್ಲಿ ಮುದ್ದೆ, ಹುರುಳಿ ಸಾರು ಆಯಿತು. ಕರಡಿ, ಚಿರತೆ ಇರುವ ಕಾಡಾದ್ದರಿಂದ ಕತ್ತಲಾದ ಮೇಲೆ ಯಾರೂ ಒಬ್ಬೊಬ್ಬರೇ ಹೊರಗೆ ಹೋಗಕೂಡದೆಂದು ಕಾವಲುಗಾರರು ಎಚ್ಚರಿಸಿದ್ದರು.

ನಡುರಾತ್ರಿ ಮಳೆ ಬಂತು. ಡೇರೆಯ ಬಟ್ಟೆಯ ಮೇಲೆ ಬೀಳುವ ಹನಿಗಳನ್ನು ಕೇಳುತ್ತ ಕೂತೆ. ಎಪ್ಪತ್ತೆರಡು ವರ್ಷದ ಹಿಂದೆ ಇಂಥದೇ ಬಟ್ಟೆಯ ಕೆಳಗೆ ಒಬ್ಬರು ಹೆಂಡತಿಯನ್ನು ಕಳೆದುಕೊಂಡ ವರ್ಷವೇ ಹಕ್ಕಿಗಳ ಲೆಕ್ಕ ಬರೆದರಲ್ಲ ಎನ್ನಿಸಿತು. ದುಃಖ ಮುಗಿದ ಮೇಲೆ ಕೆಲಸ ಶುರು ಮಾಡಿದವರಲ್ಲ ಅವರು. ಡೇರೆಗೆ ದುಃಖವನ್ನೂ ಹೊತ್ತುಕೊಂಡೇ ಬಂದಿರಬೇಕು. ಹನ್ನೆರಡು ಮಕ್ಕಳ ಉಸಿರಿನ ನಡುವೆ ನನಗೂ ಯಾವಾಗಲೋ ನಿದ್ದೆ ಹತ್ತಿತು.

ಬೆಳಿಗ್ಗೆ ನೋಡಿದರೆ ನಾನು ಗೂಟ ಹೊಡೆಸಹೊರಟಿದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಹುಡುಗಿ ನನ್ನ ಮುಖ ನೋಡಿ ನಕ್ಕಳು, ಏನೂ ಅನ್ನಲಿಲ್ಲ. ಬಂಡೆಯ ಕಡೆಯ ಪೊದೆಯಲ್ಲಿ ಪಿಕಳಾರಗಳು ಕೂಗುತ್ತಿದ್ದವು. ಹಾಜರಿಗೆಂದು ತಂದಿದ್ದ ಪುಸ್ತಕದ ಕೊನೆಯ ಹಾಳೆಯಲ್ಲಿ ಊರು, ತಾರೀಖು ಹಾಕಿ ಬರೆದೆ: ಮಳೆ, ರಾತ್ರಿ. ಹಳ್ಳದಲ್ಲಿ ನೀರು, ಮೊಣಕಾಲುದ್ದ. ಪಿಕಳಾರ, ನಾಲ್ಕು. ಏಳು ತಿಂಗಳಲ್ಲಿ ನನಗಾಗಿ ನಾನು ಬರೆದುಕೊಂಡ ಮೊದಲ ಸಾಲುಗಳು ಅವು.