ಹಿಪ್ಪೋ ಸಭೆಯಲ್ಲಿ ‘ನಮ್ಮ ತಂದೆಯೇ’ ಎಂಬ ಕರೆ

ಭಾನುವಾರದ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ನಾವು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಪ್ರಾಚೀನ ಸಭೆಯಲ್ಲಿ ಅದು ಅಷ್ಟು ಸುಲಭವಾಗಿ ದೊರೆಯುತ್ತಿರಲಿಲ್ಲ. ಸುಮಾರು 395ರಿಂದ 430ರವರೆಗೆ ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪನಾಗಿದ್ದ ಅಗಸ್ಟೀನನು ದೀಕ್ಷಾಸ್ನಾನಾರ್ಥಿಗಳಿಗೆ ಮೊದಲು ವಿಶ್ವಾಸಪ್ರಮಾಣವನ್ನು ಕಲಿಸಿ, ಅನಂತರವೇ, ಈಸ್ಟರ್ ಸಮೀಪಿಸಿದಾಗ, ಈ ಪ್ರಾರ್ಥನೆಯನ್ನು ಬಾಯಿಮಾತಿನಲ್ಲಿ ಒಪ್ಪಿಸುತ್ತಿದ್ದನು. ಅವರು ಅದನ್ನು ಕಂಠಪಾಠ ಮಾಡಿ ಮರಳಿ ಹೇಳಬೇಕಾಗಿತ್ತು. ಆ ಸಂದರ್ಭದ ಅವನ ನಾಲ್ಕು ಪ್ರಸಂಗಗಳು ನಮಗೆ ಉಳಿದು ಬಂದಿವೆ. ಇನ್ನೂ ಹುಟ್ಟದವರು ತಂದೆಯನ್ನು ಕರೆಯುವುದೆಂತು ಎಂಬುದೇ ಈ ಕ್ರಮದ ಹಿಂದಿದ್ದ ವಿಚಾರ.

ದೀಕ್ಷಾಸ್ನಾನಕ್ಕೆ ಬರುವವರಲ್ಲಿ ದಾಸರೂ ಇರುತ್ತಿದ್ದರು. ರೋಮನ್ ಕಾನೂನಿನ ದೃಷ್ಟಿಯಲ್ಲಿ ದಾಸನಿಗೆ ಒಡೆಯನುಂಟು, ತಂದೆಯಿಲ್ಲ. ಸ್ವತಂತ್ರರ ಮನೆಗಳಲ್ಲಿಯೂ ತಂದೆಯೆಂದರೆ ಮೊದಲು ಅಧಿಕಾರ, ಆಮೇಲೆ ಪ್ರೀತಿ. ಅಂಥ ಸಮಾಜದಲ್ಲಿ ಅಗಸ್ಟೀನನು, ಈ ತಂದೆಯ ಕೆಳಗೆ ಒಡೆಯನೂ ದಾಸನೂ, ಚಕ್ರವರ್ತಿಯೂ ಸಿಪಾಯಿಯೂ, ಧನಿಕನೂ ಬಡವನೂ ಸಹೋದರರೆಂದು ಬೋಧಿಸಿದನು.

ಇದನ್ನು ಅತಿಯಾಗಿ ಹೊಗಳಲು ನಾವು ಹಿಂಜರಿಯುತ್ತೇವೆ. ದಾಸತ್ವವು ಪಾಪದ ಫಲವೆಂದು ಅವನು ಬರೆದನು ನಿಜ. ಆದರೆ ಅದನ್ನು ರದ್ದುಗೊಳಿಸಬೇಕೆಂದು ಕೇಳಲಿಲ್ಲ, ದಾಸರು ವಿಧೇಯರಾಗಿರಬೇಕೆಂದೇ ಹೇಳಿದನು. ಪ್ರಾರ್ಥನೆ ಮುಗಿದ ಮೇಲೆ ಆ ಸಹೋದರನು ಒಡೆಯನ ಹಿಂದೆ ಅದೇ ಮನೆಗೆ ಮರಳಬೇಕಾಗಿತ್ತು.

ಆದರೂ ಪವಿತ್ರ ಭೋಜನದ ಮೇಜಿನ ಮುಂದೆ, ಕಾನೂನು ಯಾವ ತಂದೆಯನ್ನೂ ಕೊಡದಿದ್ದ ಆ ಮನುಷ್ಯನು, ಕರೆದರೆ ಓಗೊಡುವಷ್ಟು ಹತ್ತಿರವಿದ್ದ ತಂದೆಯನ್ನು ಸಭೆಯೊಡನೆ ಮೊದಲ ಬಾರಿಗೆ ಕರೆದನು. ಅವನ ಬಾಯಿಂದ ಹೊರಟ ‘ನಮ್ಮ’ ಎಂಬ ಮಾತಿನೊಳಗೆ ಪಕ್ಕದಲ್ಲಿ ನಿಂತಿದ್ದ ಒಡೆಯನೂ ಸೇರಿದ್ದನು.